ಗಗನನ ಮೂರು ಬೆರಳು, ಚೆಲುವರಾಜುವಿನ ನಾಲ್ಕು ಸೆಕೆಂಡು

ಪವರ್ ಪ್ರೆಸ್ ಯಂತ್ರಕ್ಕೆ ಎರಡು ಬಟನ್ ಇರುವುದು ಮನುಷ್ಯನಿಗೆ ಎರಡು ಕೈ ಇರುವುದರಿಂದ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಟನ್ನುಗಟ್ಟಲೆ ಭಾರದ ಅಚ್ಚು ತಗಡಿನ ಮೇಲೆ ಇಳಿಯುತ್ತದೆ. ಎರಡೂ ಕೈ ಬಟನ್ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಇರಲು ಸಾಧ್ಯವಿಲ್ಲ, ಅಷ್ಟೇ ಉಪಾಯ. ಆದರೆ ಹಳೇ ಯಂತ್ರಗಳಲ್ಲಿ ಒಂದು ಬಟನ್ನಿಗೆ ಟೇಪು ಬಿಗಿದು ಸದಾ ಒತ್ತಿದಂತೆಯೇ ಇರಿಸಬಹುದು. ಆಗ ಒಂದು ಕೈಯಲ್ಲಿ ತಗಡು ಇಡುತ್ತಾ ಇನ್ನೊಂದು ಕೈಯಲ್ಲಿ ಯಂತ್ರ ಇಳಿಸುತ್ತಾ ಹೋದರೆ ಮಾಲು ಬೇಗ ಬೀಳುತ್ತದೆ. ಯಾವತ್ತಾದರೂ ಒಂದು ದಿನ ಬೆರಳೂ ಬೀಳುತ್ತದೆ. ನಿಮ್ಮ ಮನೆ ಬಾಗಿಲಿನ ಕೀಲು, ನಿಮ್ಮ ಸ್ಕೂಟರಿನ ಸ್ಟ್ಯಾಂಡು ಇಂಥ ಕಡೆಯಿಂದಲೇ ಬಂದಿರಬಹುದು. ಇದು ನಿಮಗೆ ಗೊತ್ತಿರಬೇಕಿತ್ತು.

ಚೆಲುವರಾಜುವಿಗೆ ಚೆನ್ನಾಗಿಯೇ ಗೊತ್ತಿತ್ತು. ಕಡಕೊಳದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಅವನು ಹನ್ನೊಂದು ವರ್ಷದಿಂದ ಪ್ರೆಸ್ ಮುಂದೆ ನಿಂತಿದ್ದ. ಹನ್ನೊಂದು ವರ್ಷವೂ ಗುತ್ತಿಗೆಯೇ. ಒಂಟಿಕೊಪ್ಪಲಿನ ಬಾಡಿಗೆ ಮನೆಯಿಂದ ನಸುಕಿಗೇ ಎದ್ದು ಬಸ್ಸು ಹಿಡಿಯುವುದು, ಎಂಟು ಗಂಟೆ ನಿಲ್ಲುವುದು, ಕಿವಿಯೊಳಗೆ ಯಂತ್ರದ ಸದ್ದು ತುಂಬಿಕೊಂಡು ವಾಪಸ್ಸು ಬಂದು ಹೆಂಡತಿಯ ಹತ್ತಿರ ಕೂಗಿ ಕೂಗಿ ಮಾತಾಡುವುದು. ವಯಸ್ಸು ಮೂವತ್ತೆಂಟು. ಹತ್ತೂ ಬೆರಳು ಇನ್ನೂ ಇದ್ದವು. ಆ ಶೆಡ್ಡಿನಲ್ಲಿ ಅದನ್ನೇ ಸರ್ವಿಸು ಎನ್ನುತ್ತಿದ್ದರು.

ಅವನಿಗೆ ವಿಡಿಯೋ ಹುಚ್ಚು ಹತ್ತಿದ್ದು ಅವಮಾನದಿಂದ. ಮಗಳು ತನ್ಮಯಿ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದಳು. ಇವನು ಫೋನ್ ಎತ್ತಿ ಹಿಡಿದು ಹನ್ನೊಂದು ನಿಮಿಷ ಚಿತ್ರೀಕರಿಸಿದ. ಮನೆಗೆ ಬಂದು ಮೂವರೂ ಕೂತು ನೋಡಿದರೆ ಒಂದು ಬೊಕ್ಕತಲೆ, ಅದರ ಹಿಂದೆ ಬಣ್ಣಬಣ್ಣದ ಮಬ್ಬು.

"ಅಪ್ಪ, ನಾನೆಲ್ಲಿ?" ಎಂದಳು ಮಗಳು.

"ಅಲ್ಲೇ ಇದ್ದೀಯ ಕಣಮ್ಮ, ಆ ತಲೆ ಹಿಂದೆ."

ಹೆಂಡತಿ ಬಿದ್ದು ಬಿದ್ದು ನಕ್ಕಳು. "ಯಾರದೋ ತಲೆ ಹನ್ನೊಂದು ನಿಮಿಷ ಹಿಡ್ಕೊಂಡ್ ಬಂದವ್ರೆ ನಿಮ್ಮಪ್ಪ. ಆ ಪುಣ್ಯಾತ್ಮ ಯಾರು ಅಂತ ಹುಡುಕಿ ಕಳಿಸ್ಕೊಡ್ರೀ, ಸಂತೋಷ ಪಡ್ತಾನೆ!"

ಮಗಳು ನಗಲಿಲ್ಲ. ಅದು ಅವನಿಗೆ ನಾಟಿತು.

ರಾಮಕೃಷ್ಣನಗರದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಸಿಂಚನ ಎಂಬ ಇಪ್ಪತ್ತೈದರ ಹುಡುಗಿ ಭಾನುವಾರಗಳಂದು ಮೊಬೈಲಿನಲ್ಲಿ ವಿಡಿಯೋ ಮಾಡುವುದನ್ನು ಕಲಿಸುತ್ತಿದ್ದಳು. ಸೇರಿದವರಲ್ಲಿ ಸೀರೆ ಮಾರುವ ಹೆಂಗಸರಿದ್ದರು, ಮೊಮ್ಮಕ್ಕಳ ಚಿತ್ರ ತೆಗೆಯಬೇಕೆಂಬ ರಿಟೈರಾದವರಿದ್ದರು. ಕೈಬೆರಳ ಸಂದಿಯಲ್ಲಿ ಕರಿ ಗ್ರೀಸು ಕೂತವನು ಇವನೊಬ್ಬನೇ. ಮೊದಲ ದಿನವೇ ಅವಳು ಇವನ ತುಣುಕು ನೋಡಿ ಕೇಳಿದಳು:

"ಸರ್, ಫೋನನ್ನ ಯಾಕೆ ಸುಣ್ಣ ಹೊಡೆಯೋ ಬ್ರಷ್ ತರ ಆಡಿಸ್ತೀರಾ?"

"ಎಲ್ಲಾ ಬರ್ಲಿ ಅಂತ ಮೇಡಂ."

"ಎಲ್ಲಾ ಬಂದ್ರೆ ಏನೂ ಕಾಣ್ಸಲ್ಲ. ಒಂದನ್ನ ಹಿಡೀರಿ. ಹತ್ತು ಸೆಕೆಂಡು ಅಲ್ಲಾಡ್ದೆ ನಿಂತ್ಕೊಳ್ಳಿ. ಆಮೇಲೆ ಇನ್ನೊಂದು."

ನಿಲ್ಲುವುದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು ನಿಂತ. ಹತ್ತಿರದಿಂದ ಬೇಕಾದರೆ ಪರದೆಯ ಮೇಲೆ ಬೆರಳಿಂದ ಹಿಗ್ಗಿಸದೆ ತಾನೇ ಎರಡು ಹೆಜ್ಜೆ ಮುಂದಿಟ್ಟ. ತೆಗೆಯುವ ಮುಂಚೆ ಅಂಗಿಯ ತುದಿಯಿಂದ ಲೆನ್ಸು ಒರೆಸಿದ. ಎಲ್ಲಕ್ಕಿಂತ ಅವನ ಮನಸ್ಸು ಗೆದ್ದದ್ದು ಕತ್ತರಿಸುವ ಪಾಠ. ಒಂದು ಚಿತ್ರದಲ್ಲಿ ಕೈ ಮೇಲೇಳುವಾಗ ಕತ್ತರಿಸಿ, ಇನ್ನೊಂದರಲ್ಲಿ ಕೈ ಇಳಿಯುವಾಗ ಜೋಡಿಸಿದರೆ ನೋಡುವ ಕಣ್ಣಿಗೆ ಎರಡೂ ಒಂದೇ ಕೈ, ಒಂದೇ ಗಳಿಗೆ. ಕೂಡಿಸಿದ ಜಾಗ ಕಾಣುವುದಿಲ್ಲ. ಲೋಹದ ಕೆಲಸದವನಿಗೆ ಇದಕ್ಕಿಂತ ಸೊಗಸಾದ ವಿದ್ಯೆ ಇನ್ನೇನಿದೆ? ಊಟದ ಬಿಡುವಿನಲ್ಲಿ ಗೇಟಿನ ಆಚೆ ಕೂತು, ಡಬ್ಬಿ ಪಕ್ಕಕ್ಕಿಟ್ಟು ಅದನ್ನೇ ಅಭ್ಯಾಸ ಮಾಡಿದ. ಶೆಡ್ಡಿನವರು 'ಡೈರೆಕ್ಟ್ರು' ಎಂದು ಕರೆಯತೊಡಗಿದರು.

ಎರಡನೇ ತಿಂಗಳು ಸಿಂಚನ ಎಲ್ಲರಿಗೂ ಒಂದು ಕೆಲಸ ಕೊಟ್ಟಳು: ನಿಮ್ಮ ದಿನದ ದುಡಿಮೆಯ ಬಗ್ಗೆ ಮೂರು ನಿಮಿಷದ ವಿಡಿಯೋ. ಶೆಡ್ಡಿನೊಳಗೆ ಫೋನ್ ತರುವಂತಿಲ್ಲ, ಗೇಟಿನಲ್ಲೇ ಬೋರ್ಡಿದೆ. ಚೆಲುವರಾಜು ಅಂಗಿಯ ಜೇಬಿನಲ್ಲಿ ಫೋನಿಟ್ಟು ಲೆನ್ಸು ಮಾತ್ರ ಅಂಚಿನ ಮೇಲೆ ಬರುವಂತೆ ಕೆಳಗೆ ಬೀಡಿ ಪೊಟ್ಟಣ ತುರುಕಿದ. ಹದಿನೈದು ದಿನದಲ್ಲಿ ಅರವತ್ತೊಂದು ತುಣುಕು ಸೇರಿದವು. ಎಣ್ಣೆ ಬಿದ್ದ ನೆಲ, ಗೋಡೆ ಗಡಿಯಾರ, ಟೀ ಲೋಟದ ಹಬೆ, ಇಳಿಯುವ ಅಚ್ಚು.

ಅದರಲ್ಲೊಂದು ನಲವತ್ತು ಸೆಕೆಂಡಿನದು. ನಾಲ್ಕನೇ ನಂಬರಿನ ಯಂತ್ರದ ಮುಂದೆ ಗಗನ ನಿಂತಿದ್ದಾನೆ. ಕಡಕೊಳದವನೇ, ಇಪ್ಪತ್ತಾರರ ಹುಡುಗ, ಒಂದು ಮಾತಿಗೆ ಮೂರು ತಮಾಷೆ ಸೇರಿಸುವವನು. ಜೇಬಿನ ಗುಟ್ಟು ಅವನಿಗೆ ಗೊತ್ತು.

"ಚೆಲುವಣ್ಣ, ನನ್ ಮೂತಿ ಬತ್ತೈತಾ? ಹೀರೋ ತರ ಬರ್ಬೇಕು ಕಣಣ್ಣ, ಅತ್ತೆ ಮನೆಯೋರು ನೋಡ್ತಾರೆ."

"ನಿಂಗಿನ್ನೂ ಮದ್ವೇನೇ ಆಗಿಲ್ಲ, ಯಾವ ಅತ್ತೆ ಮನೆ?"

"ಅದ್ಕೇ ಮತ್ತೆ!"

ಅಷ್ಟರಲ್ಲಿ ಸೂಪರ್‌ವೈಸರ್ ಶಿವರುದ್ರಪ್ಪ ಬರುತ್ತಾರೆ, ಕೈಯಲ್ಲಿ ಕರಿ ಟೇಪಿನ ಸುರುಳಿ. "ಎರಡು ಕೈ ಇಟ್ಕೊಂಡು ಪೂಜೆ ಮಾಡ್ತಿದ್ದೀಯೇನೋ? ಗಂಟೆ ಲೆಕ್ಕ ನೋಡಿದ್ದೀಯಾ? ಮೇಲಿನೋರು ನನ್ ಜೀವ ತಿಂತಾವ್ರೆ." ಬಲಗಡೆಯ ಬಟನ್ನಿಗೆ ಟೇಪು ಬಿಗಿಯುತ್ತಾರೆ.

"ಬ್ಯಾಡ ಸಾ. ಕೈ ಗೀ ಹೋಗ್ಬುಟ್ರೆ?"

"ಹೋದ್ರೆ ನಾನಿದ್ದೀನಿ ಕಣೋ."

ನಲವತ್ತು ಸೆಕೆಂಡಿನಲ್ಲಿ ಮುಖವಿತ್ತು, ಮಾತಿತ್ತು, ಟೇಪಿತ್ತು, ಬೇಡವೆಂದವನ ದನಿಯೂ ಇತ್ತು. ಆದರೆ ತುಣುಕು ತೀರಾ ಕೆಟ್ಟದಾಗಿತ್ತು. ಓರೆ, ಕತ್ತಲು. ಉಸಿರಾಡಿದಾಗೆಲ್ಲ ಚಿತ್ರ ಅಲ್ಲಾಡುತ್ತಿತ್ತು. ಕಲಿತವನಿಗೆ ನಾಚಿಕೆಯಾಗುವಂಥದ್ದು.

ಅವನು ಅದರಲ್ಲಿ ನೆಟ್ಟಗಿದ್ದ ನಾಲ್ಕು ಸೆಕೆಂಡನ್ನು ಮಾತ್ರ ಆರಿಸಿಕೊಂಡ: ಟೇಪು ಸುತ್ತುವ ಕೈ. ಮುಖ ಅರ್ಧಂಬರ್ಧ ಬರುತ್ತಿತ್ತು, ಚೌಕಟ್ಟಿನಿಂದ ಆಚೆ ತಳ್ಳಿದ. ಮಾತು ಯಂತ್ರದ ಸದ್ದಿನ ಜೊತೆ ಗಜಿಬಿಜಿಯಾಗಿತ್ತು, ಅದನ್ನು ಅಳಿಸಿ ಕೊಳಲಿನ ಸಂಗೀತ ಹಾಕಿದ. ಟೇಪು ಸುತ್ತಿ ಕೈ ಮೇಲೇಳುವ ಕಡೆ ಕತ್ತರಿಸಿ, ಬೇರೊಂದು ದಿನ ಆರನೇ ನಂಬರಿನ ಯಂತ್ರದ ಮುಂದೆ ತೆಗೆದ ಚಿತ್ರವನ್ನು ಜೋಡಿಸಿದ. ಅಲ್ಲಿ ಕೈ ಇಳಿಯುತ್ತದೆ, ಅಚ್ಚೂ ಇಳಿಯುತ್ತದೆ. ಕೂಡಿಸಿದ ಜಾಗ ಕಾಣಲೇ ಇಲ್ಲ.

ಭಾನುವಾರ ಸಿಂಚನ ಅದನ್ನು ಗೋಡೆಯ ಮೇಲೆ ಹಾಕಿ ಎರಡು ಸಲ ನೋಡಿದಳು. "ಸರ್, ಆ ಕೈ! ಮುಖ ತೋರಿಸ್ದೇ ಇದ್ದದ್ದೇ ಒಳ್ಳೇದಾಯ್ತು. ಎಷ್ಟು ಹೇಳುತ್ತೆ ಅದು! ಮೂಲ ತುಣುಕುಗಳನ್ನ ಬೇರೆ ಕಡೆ ಕಾಪಿ ಮಾಡಿ ಇಟ್ಕೊಳ್ಳಿ." ಸೀರೆ ಮಾರುವ ಹೆಂಗಸರು ಚಪ್ಪಾಳೆ ತಟ್ಟಿದರು. ಅವನು ತಲೆಯಾಡಿಸಿದ. ಹನ್ನೊಂದು ವರ್ಷದಲ್ಲಿ ಅವನು ಮಾಡಿದ್ದನ್ನು ನೋಡಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಬೇರೆ ಕಡೆ ಎಂದರೆ ಎಲ್ಲಿ? ಮನೆಯಲ್ಲಿ ಕಂಪ್ಯೂಟರಿಲ್ಲ. ಫೋನು ಮೂರು ದಿನದಿಂದ ಜಾಗವಿಲ್ಲ, ಜಾಗವಿಲ್ಲ ಎಂದು ಗೋಗರೆಯುತ್ತಿತ್ತು. ಮಗಳ ಶಾಲೆಯ ನೋಟ್ಸು ಇಳಿಯುತ್ತಿರಲಿಲ್ಲ. ವಿಡಿಯೋ ಸಿದ್ಧವಾಗಿದೆಯಲ್ಲ, ಇನ್ನು ಈ ಚೂರುಪಾರು ಯಾಕೆ? ಶಿಫ್ಟು ಮುಗಿದಾಗ ಯಂತ್ರದ ಕೆಳಗಿನ ತಗಡಿನ ಚೂರು ಗುಡಿಸಿ ಹಾಕುವಂತೆ ಅರವತ್ತೊಂದನ್ನೂ ಅಳಿಸಿದ. ಫೋನಿನ ಕಸದ ಬುಟ್ಟಿಯಿಂದಲೂ ಅಳಿಸಿದ. ಯಂತ್ರದವನ ಶಿಸ್ತು ಅದು, ಕೆಲಸದ ಜಾಗ ಚೊಕ್ಕಟವಾಗಿರಬೇಕು.

ಐದು ವಾರದ ನಂತರ ಒಂದು ಶುಕ್ರವಾರ ಮಧ್ಯಾಹ್ನ, ನಾಲ್ಕನೇ ನಂಬರಿನ ಯಂತ್ರದಲ್ಲಿ, ಗಗನನ ಬಲಗೈಯ ಮೂರು ಬೆರಳು ಹೋದವು. ತೋರು, ನಡು, ಉಂಗುರ. ಕೂಗು ಕೇಳಲಿಲ್ಲ, ಆ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಚೆಲುವರಾಜು ತಿರುಗಿ ನೋಡಿದಾಗ ಹುಡುಗ ತನ್ನ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತ ನಿಂತಿದ್ದ. ಒರೆಸುವ ಬಟ್ಟೆ ಸುತ್ತಿ ಎತ್ತಿಕೊಂಡು ಓಡಿದವರು ಇಬ್ಬರೋ ಮೂವರೋ. ಉಳಿದವರು ಯಂತ್ರ ನಿಲ್ಲಿಸಿ ನಿಂತರು. ಓಡಿದವರು ಗಗನನನ್ನು ಆಸ್ಪತ್ರೆಗೆ ಸೇರಿಸಿ ವಾಪಸ್ಸು ಬರುವಷ್ಟರಲ್ಲಿ ಬಟನ್ನಿನ ಮೇಲಿನ ಟೇಪು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅಂಟು ಒರೆಸಿ ಆಗಿತ್ತು.

ಕಂಪನಿ ತನ್ನ ವರದಿ ಬರೆಯಿತು: ಕಾರ್ಮಿಕನು ಬೇಗ ಕೆಲಸ ಮುಗಿಸುವ ಆಸೆಯಿಂದ ಸುರಕ್ಷತಾ ಬಟನ್ನನ್ನು ತಾನೇ ಕಟ್ಟಿದ್ದನು. ಗುತ್ತಿಗೆದಾರ ಅವನ ಹೆಸರನ್ನು ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಸೇರಿಸಿಯೇ ಇರಲಿಲ್ಲ, ಹಾಗಾಗಿ ಉಳಿದಿದ್ದು ಪರಿಹಾರದ ಅರ್ಜಿ ಒಂದೇ. ಅದಕ್ಕೆ ವರದಿಯ ಈ ಒಂದು ಸಾಲೇ ಕೊಡಲಿ ಪೆಟ್ಟು. ಬೇಕೆಂದೇ ಸುರಕ್ಷತೆಯನ್ನು ತಾನಾಗಿ ಕಿತ್ತುಹಾಕಿದವನಿಗೆ ಇಂಥ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕಿಲ್ಲ ಎನ್ನುತ್ತದೆ ಕಾನೂನು. ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಂತಿತು: ಟೇಪು ಕಟ್ಟಿದವರು ಯಾರು?

"ನಿನ್ ಪಿಚ್ಚರ್‌ನಾಗೆ ಐತಲ್ಲಣ್ಣ," ಎಂದ ಗಗನ, ಆಸ್ಪತ್ರೆಯ ಮಂಚದ ಮೇಲೆ. ಅವನ ತಾಯಿ ಕೆಂಚಮ್ಮ ಪಕ್ಕದಲ್ಲಿ ಕೂತು ಅನ್ನ ಕಲಸಿ ಮಗನ ಬಾಯಿಗೆ ತುತ್ತು ಇಡುತ್ತಿದ್ದಳು. ಮುದ್ದೆ ಮುರಿಯುವುದನ್ನು ಎಡಗೈಗೆ ಇನ್ನೂ ಹೇಳಿಕೊಡಬೇಕಿತ್ತು. "ಅವತ್ತು ನಾನು ಬ್ಯಾಡ ಅಂದಿದ್ದೂ ಐತೆ. 'ನಾನಿದ್ದೀನಿ' ಅಂದ್ರಲ್ಲ, ಅದೂ ಐತೆ. ಐತೆ ತಾನೆ?"

ಚೆಲುವರಾಜು "ಐತೆ ಕಣೋ" ಎಂದ. ಹೇಳಿ ಮುಗಿಸುವಷ್ಟರಲ್ಲೇ ಅಳಿಸಿದ್ದು ನೆನಪಾಯಿತು.

ಆಸ್ಪತ್ರೆಯ ಹೊರಗೆ ಬಂದು ಎಡಿಟ್ ಮಾಡಿದ ಆ್ಯಪ್ ತೆಗೆದು ನೋಡಿದ. ತುಣುಕುಗಳ ಸಾಲಿನಲ್ಲಿ ಚಿತ್ರಗಳಿರಲಿಲ್ಲ, ಬರಿಯ ಬೂದು ಚೌಕಗಳು. ಒಂದು ಚೌಕವನ್ನು ಮುಟ್ಟಿದರೆ 'ಮೂಲ 40 ಸೆಕೆಂಡು, ಬಳಸಿದ್ದು 4' ಎಂದು ತೋರಿಸುತ್ತಿತ್ತು. ಉಳಿದ ಮೂವತ್ತಾರು ಸೆಕೆಂಡು ಎಲ್ಲೂ ಇರಲಿಲ್ಲ. ನೇರ ಸಿಂಚನಳ ಹತ್ತಿರ ಓಡಿದ. ಅವಳು ಎರಡು ದಿನ ಫೋನನ್ನು ಕಂಪ್ಯೂಟರಿಗೆ ಕಟ್ಟಿ ಏನೇನೋ ಮಾಡಿದಳು. ಅಳಿಸಿದ ಜಾಗದ ಮೇಲೆ ಮಗಳ ನೋಟ್ಸು, ಹೆಂಡತಿಯ ತವರಿನ ಫೋಟೋ ಎಲ್ಲ ಬಂದು ಕೂತಿದ್ದವು.

"ಇಟ್ಕೊಳ್ಳಿ ಅಂತ ಹೇಳಿದ್ನಲ್ಲ ಸರ್," ಎಂದಳು ಕೊನೆಗೆ. ಕೋಪವಿರಲಿಲ್ಲ ಅದರಲ್ಲಿ. ಫೋನಿನ ವೈರು ಬಿಚ್ಚುತ್ತ, "ಮುಖ ಇಲ್ದಿದ್ದೇ ಚೆನ್ನಾಗಿದೆ ಅಂದಿದ್ದೂ ನಾನೇ," ಎಂದಳು.

ಪರಿಹಾರದ ಅರ್ಜಿಯ ವಿಚಾರಣೆಯ ದಿನ ಮೂರು ನಿಮಿಷದ ವಿಡಿಯೋವನ್ನೇ ಲ್ಯಾಪ್‌ಟಾಪಿನಲ್ಲಿ ಹಾಕಿದರು. ಸರ್ಕಾರಿ ಕೋಣೆಯಲ್ಲಿ ಕೊಳಲು ನುಡಿಯಿತು. ಯಾರೋ ಬಾಗಿಲಿನಿಂದ ಇಣುಕಿ ಹೋದರು. ವಿಚಾರಣೆ ನಡೆಸುವ ಅಧಿಕಾರಿಯೂ ಪೂರ್ತಿ ನೋಡಿದರು, ಬೇಸರವಿಲ್ಲದೆ. ಕಂಪನಿಯ ವಕೀಲರು ಕನ್ನಡಕ ಸರಿಮಾಡಿಕೊಂಡು ಎದ್ದರು.

"ಚೆಲುವರಾಜು ಅವರೇ, ತುಂಬ ಚೆನ್ನಾಗಿ ಮಾಡಿದ್ದೀರಿ. ಎಲ್ಲಿ ಕಲಿತದ್ದು?"

"ರಾಮಕೃಷ್ಣನಗರದಾಗೆ ಸಾರ್."

"ಈ ಕೈ ಯಾರದು?"

"ಶಿವರುದ್ರಪ್ನೋರ್ದು."

"ಮುಖ ಎಲ್ಲಿ?"

"ಕತ್ತರಿಸಿದೆ ಸಾರ್."

"ಯಾಕೆ?"

ಚೆನ್ನಾಗಿ ಕಾಣಲಿ ಎಂದು, ಅನ್ನುವುದು ಹೇಗೆ?

"ಮಾತು?"

"ಅಳಿಸಿದೆ."

"ಸಂಗೀತ ಹಾಕಿದ್ದು?"

"ನಾನೇ."

ವಕೀಲರು ವಿಡಿಯೋವನ್ನು ಟೇಪಿನ ಜಾಗದಲ್ಲಿ ನಿಲ್ಲಿಸಿದರು. ಹಿಂದೆ ಗೋಡೆ ಗಡಿಯಾರದಲ್ಲಿ ಹತ್ತು ಇಪ್ಪತ್ತು. ಒಂದು ಸೆಕೆಂಡು ಮುಂದಕ್ಕೆ ಸರಿಸಿದರು. ಒಂಬತ್ತು ಐದು. ಮೊದಲ ಚಿತ್ರದ ಯಂತ್ರದ ಮೇಲೆ ಬಿಳಿ ಬಣ್ಣದಲ್ಲಿ ನಾಲ್ಕು, ಎರಡನೆಯದರ ಮೇಲೆ ಆರು. "ಸ್ವಾಮಿ, ಗಡಿಯಾರ ಹಿಂದಕ್ಕೆ ಓಡುತ್ತಿದೆ. ಕೈ ಒಂದು ಯಂತ್ರದಲ್ಲಿ ಏಳುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಇದನ್ನು ಸಿನಿಮಾ ಎಂದರೆ ನನ್ನ ತಕರಾರಿಲ್ಲ." ಮೂಲ ಫೈಲು ಕೇಳಿದರು. ಇಲ್ಲವೆಂದಾಗ ಕನ್ನಡಕ ತೆಗೆದು ಜೇಬಿಗಿಟ್ಟು ಕೂತರು. ಇನ್ನೇನೂ ಹೇಳುವ ಅಗತ್ಯವಿರಲಿಲ್ಲ.

ಶಿವರುದ್ರಪ್ಪ ಕೊನೆಯ ಬೆಂಚಿನಲ್ಲಿದ್ದರು. ಇಷ್ಟೂ ಹೊತ್ತು ತಮ್ಮ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಅವರ ಸರದಿ ಬಂದಾಗ, ಅದು ತಮ್ಮ ಕೈಯಲ್ಲ ಎಂದು ನೆಲ ನೋಡುತ್ತ ಹೇಳಿದರು. ಅಧಿಕಾರಿ ಬೇರೆ ಸಾಕ್ಷಿಗಳಿದ್ದರೆ ತರಲು ಒಂದು ದಿನಾಂಕ ಕೊಟ್ಟರು.

ಮರುದಿನ ಗೇಟಿನಲ್ಲಿ ಚೆಲುವರಾಜುವಿನ ಪಾಸು ಕೆಲಸ ಮಾಡಲಿಲ್ಲ. ಫೋನ್ ಒಳಗೆ ತಂದಿದ್ದಕ್ಕೆ ಕ್ರಮ, ಎಂದ ಕಾವಲಿನವನು, ಮೇಲಿನವರು ಹೇಳಿಕೊಟ್ಟಂತೆ, ತನಗೆ ಓದಲು ಬಾರದ ಇಂಗ್ಲಿಷಿನ ಚೀಟಿ ಕೈಗೆ ಕೊಡುತ್ತ. ಟೇಪು ಕಟ್ಟಿದ್ದಕ್ಕೆ ಪುರಾವೆಯಾಗದ ವಿಡಿಯೋ ಫೋನ್ ತಂದಿದ್ದಕ್ಕೆ ಪುರಾವೆಯಾಗಿತ್ತು.

ಗಗನನ ಶಿಫ್ಟಿನಲ್ಲಿ ಆ ಶುಕ್ರವಾರ ಇವರಿಬ್ಬರನ್ನು ಬಿಟ್ಟು ಇಪ್ಪತ್ತೆರಡು ಜನರಿದ್ದರು. ಐದು ವಾರವೂ ಆ ಟೇಪು ಅಲ್ಲೇ ಇತ್ತು. ಕಟ್ಟಿದ್ದನ್ನು ನೋಡಿದವರಿದ್ದರು, ಬಿಚ್ಚಿದ್ದನ್ನು ನೋಡಿದವರಿದ್ದರು. ಸೀಮೆಎಣ್ಣೆ ತಂದುಕೊಟ್ಟವನೂ ಒಬ್ಬನಿದ್ದ. ಚೆಲುವರಾಜು ಒಬ್ಬೊಬ್ಬರ ಮನೆಗೂ ಹೋದ. ಬಸ್ಸಿನಲ್ಲಿ, ನಡೆದುಕೊಂಡು, ಮೂರು ವಾರ. ಕೆಲವರು ಟೀ ಕೊಟ್ಟರು. ಮಹೇಂದ್ರನೆಂಬವನು, ಗಗನನ ಪಕ್ಕದ ಯಂತ್ರದವನು, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ.

"ವಿಡಿಯೋನೇ ಐತಲ್ಲ ಗುರು. ನಮ್ಮನ್ಯಾಕೆ ಎಳೀತೀಯ?"

"ಅದ್ರಾಗೆ ಏನೂ ಇಲ್ಲ ಕಣೋ. ನೀನು ನೋಡಿದ್ದು ಹೇಳು ಸಾಕು. ಒಂದೇ ಮಾತು."

"ನೀನು ಹೇಳಿ ಏನಾದೆ? ಮನೇಲಿ ಕೂತಿದ್ದೀಯ."

ಚೆಲುವರಾಜು ಮುಂದಿನ ಮನೆಗೆ ಬಸ್ಸು ಹಿಡಿದ.

ಈ ನಡುವೆ ಯಾರೋ ಆ ವಿಡಿಯೋವನ್ನು ಇಂಟರ್‌ನೆಟ್ಟಿಗೆ ಹಾಕಿದರು. ನಲವತ್ತು ಸಾವಿರ ಜನ ನೋಡಿದ್ದಾರೆ. ಕೆಳಗೆ ಬರೆದಿದ್ದಾರೆ: ಸೂಪರ್ ಎಡಿಟಿಂಗ್ ಗುರು. ಆ ಕಟ್ ಬೆಂಕಿ. ಯಾವ ಫೋನಲ್ಲಿ ತೆಗೆದಿದ್ದು ಬ್ರೋ? ಬೆರಳಿನ ಬಗ್ಗೆ ಬರೆದವರು ಇಬ್ಬರು. ಚೆಲುವರಾಜು ಎಲ್ಲವನ್ನೂ ಓದಿದ, ಒಂದೊಂದನ್ನೂ. ಒಂದು ಕಾಲಕ್ಕೆ ಇಂಥ ಮಾತಿಗಾಗಿ ಅವನು ಎಷ್ಟು ಹಂಬಲಿಸಿದ್ದ! ಈಗ ಓದಿ ಮುಗಿಸಿ ಫೋನನ್ನು ಮಗುಚಿ ಇಟ್ಟ. ಸಿಂಚನ ಎರಡು ಸಲ ಫೋನ್ ಮಾಡಿ ಕರೆದಳು. ಭಾನುವಾರದ ಪಾಠಕ್ಕೆ ಅವನು ಹೋಗಲಿಲ್ಲ. ಇನ್ನು ಹೋಗುವಂತೆ ಕಾಣುವುದಿಲ್ಲ.

ಮೊನ್ನೆ ಅವನು ಕಡಕೊಳಕ್ಕೆ ಹೋದಾಗ ಗಗನ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ತನ್ನ ಹೆಸರು ಬರೆಯುವುದನ್ನು ಕಲಿಯುತ್ತಿದ್ದ. ಹೊಸ ಸಹಿ ಬೇಕು, ಕೇಸಿನ ಕಾಗದಗಳಿಗೆ. ಕೆಂಚಮ್ಮ ಒಳಗಿನಿಂದ ಬಂದು ಚೆಲುವರಾಜುವಿನ ಮುಂದೆ ನೀರಿಟ್ಟಳು. "ನೀನೊಬ್ನಾದ್ರೂ ಬಂದೆಯಲ್ಲ ಕಣಪ್ಪ," ಎಂದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

"ಸಾಕ್ಷಿ ಹೇಳಕ್ಕೆ ಯಾರಾರ ಬರ್ತಾರಂತಾ ಅಣ್ಣ?" ಕಾಗದದಿಂದ ಕಣ್ಣೆತ್ತದೆ ಕೇಳಿದ ಗಗನ.

"ಇನ್ನೂ ಹನ್ನೆರಡು ದಿನ ಐತೆ ಕಣೋ."

"ಅಂಗಾರೆ ಇಲ್ಲ ಅನ್ನು." ಹುಡುಗ ನಕ್ಕ. ಆ ಹಳೇ ನಗು ಅಲ್ಲ. ತಪ್ಪಾದ ಅಕ್ಷರವನ್ನು ಹೊಡೆದುಹಾಕಿ ಮತ್ತೆ ಬರೆದ.

ಹನ್ನೆರಡು ದಿನದಲ್ಲಿ ಏನಾಗುತ್ತದೆಂದು ನಾನು ಬಲ್ಲೆ. ಹೀಗೇ ಬಿಟ್ಟರೆ ಯಾರೂ ಬರುವುದಿಲ್ಲ. ಗಗನ ತನ್ನ ಬೆರಳನ್ನು ತಾನೇ ಕಳೆದುಕೊಂಡ ಎಂದು ಸರ್ಕಾರಿ ಕಾಗದದಲ್ಲಿ ಬರೆದಾಗುತ್ತದೆ, ಚೆಲುವರಾಜು ಬದುಕಿರುವ ತನಕ ಆ ಮೂವತ್ತಾರು ಸೆಕೆಂಡನ್ನು ತಲೆಯೊಳಗೆ ಓಡಿಸುತ್ತಿರುತ್ತಾನೆ. ಆದರೆ ಒಂದು ಮಾತು ಕೇಳುತ್ತೇನೆ. ಇಪ್ಪತ್ತೆರಡು ಜೊತೆ ಕಣ್ಣು ನೋಡಿದ್ದನ್ನು ಸಾಬೀತು ಮಾಡಲು ಒಬ್ಬ ಪ್ರೆಸ್ ಆಪರೇಟರ್ ಯಾಕೆ ಸಿನಿಮಾ ಕಲಿಯಬೇಕು? ನಮಗೆಲ್ಲ ಪುರಾವೆ ಬೇಕು, ಫೈಲು ಬೇಕು, ನೆಟ್ಟಗಿನ ಚಿತ್ರ ಬೇಕು. ಬಾಯಿ ಮಾತ್ರ ಬೇಡ. ಫೋನು ಹೇಳಲಿ, ನಾವು ಸುಮ್ಮನಿರೋಣ ಎಂದು ಎಲ್ಲರೂ ಒಪ್ಪಿಕೊಂಡು ಕೂತಿದ್ದೇವೆ.

ಆ ಇಪ್ಪತ್ತೆರಡು ಜನರಿಗೆ ಹೆಂಡತಿಯರಿದ್ದಾರೆ, ಅಕ್ಕತಂಗಿಯರಿದ್ದಾರೆ, ಬಾಡಿಗೆ ಮನೆಯ ಮಾಲೀಕರಿದ್ದಾರೆ, ಒಟ್ಟಿಗೆ ಬಸ್ಸಿನಲ್ಲಿ ಬರುವವರಿದ್ದಾರೆ. ಅವರಲ್ಲಿ ಒಬ್ಬರು ನೀವು. ಶೆಡ್ಡಿನಲ್ಲಿ ಕೈ ಹೋಯಿತಂತೆ ಎಂದು ಅವತ್ತು ಊಟಕ್ಕೆ ಕೂತಾಗ ಮನೆಯಲ್ಲಿ ಮಾತಾಡಿದ್ದು ನಿಮಗೆ ನೆನಪಿದೆ. ಯಾರು ಕಟ್ಟಿದ್ದರು ಎಂಬುದನ್ನೂ ಅವತ್ತೇ ಕೇಳಿದ್ದೀರಿ. ಇವತ್ತು ಎದ್ದು ಅದನ್ನು ಹೇಳಿದ ಆ ನಿಮ್ಮ ಮನುಷ್ಯನ ಮುಂದೆ ಹೋಗಿ ನಿಂತು, ಕೈ ಹಿಡಿದು, ಆ ವಿಚಾರಣೆಯ ಕೋಣೆಗೆ ಕರೆತನ್ನಿ.